ಕೂತವರು ಏಳುವ ತನಕ

ನಮ್ಮಜ್ಜ ನಗರಸಭೆಯಲ್ಲಿ ಜವಾನನಾಗಿದ್ದ. ಕುರ್ಚಿ ಒರೆಸುವುದು, ಕಿಟಕಿ ತೆಗೆಯುವುದು, ಹೂಜಿಗೆ ನೀರು ತುಂಬುವುದು, ಕಡತಗಳನ್ನು ಈ ಕೋಣೆಯಿಂದ ಆ ಕೋಣೆಗೆ ಹೊರುವುದು, ನಡುನಡುವೆ ಬೈಸಿಕೊಳ್ಳುವುದು, ಇಷ್ಟು ಅವನ ಉದ್ಯೋಗ. "ಊರಿನ ಆಡಳಿತ ಎಲ್ಲಾ ಇದರ ಮೇಲೇ ನಿಂತಿರೋದು" ಎಂದು ಒರೆಸುವ ಬಟ್ಟೆಯನ್ನು ಝಾಡಿಸಿ ತೋರಿಸುತ್ತಿದ್ದ. ಅಂಥವನ ಬಗ್ಗೆ ಬರೆಯಲು ಏನಿದೆ ಎಂದು ಯಾರಾದರೂ ಕೇಳಬಹುದು. ಒಂದೇ ಒಂದು ದಿನ ಅವನು ಇಡೀ ಊರನ್ನು ತಡೆದು ನಿಲ್ಲಿಸಿದ್ದ. ಸಂಜೆಯವರೆಗೆ ತಡೆದಿದ್ದರೆ ಸಾಕಿತ್ತು. ಅದನ್ನು ಹೇಳುವ ಮೊದಲು ಒಂದು ಕುರ್ಚಿಯ ಕಥೆ ಹೇಳಬೇಕು.

ನಗರಸಭೆಯ ಸಭಾಂಗಣದಲ್ಲಿ ಕುದುರೆ ಲಾಳದ ಆಕಾರದ ದೊಡ್ಡ ಮೇಜಿತ್ತು. ಸುತ್ತಲೂ ಸದಸ್ಯರ ಮೆತ್ತನೆಯ ಕುರ್ಚಿಗಳು, ಎದುರಿಗೆ ಸ್ವಲ್ಪ ಎತ್ತರದಲ್ಲಿ ಅಧ್ಯಕ್ಷರದ್ದು. ಲಾಳದ ನಡುವಿನ ಬಯಲಿನಲ್ಲಿ ಒಂಟಿಯಾಗಿ ಒಂದು ಮರದ ಕುರ್ಚಿ. ಅದಕ್ಕೆ ಕೈಯಿಲ್ಲ, ಮೆತ್ತೆಯಿಲ್ಲ, ಒಂದು ಕಾಲು ಉಳಿದವಕ್ಕಿಂತ ಗಿಡ್ಡ. ಅದನ್ನು ಎಲ್ಲರೂ ಮಾತಿನ ಕುರ್ಚಿ ಎನ್ನುತ್ತಿದ್ದರು. ಊರಿನವರು ಯಾರು ಬೇಕಾದರೂ ಬಂದು ಅದರಲ್ಲಿ ಕೂರಬಹುದು. ಕೂತವರು ತಾವಾಗಿ ಏಳುವ ತನಕ ಅವರನ್ನು ಎಬ್ಬಿಸುವ ಹಾಗಿಲ್ಲ. ಅವರು ಏಳುವ ತನಕ ಸಭೆ ಬೇರೆ ಯಾವ ವಿಷಯವನ್ನೂ ಕೈಗೆತ್ತಿಕೊಳ್ಳುವಂತಿಲ್ಲ, ಯಾವುದಕ್ಕೂ ಕೈ ಎತ್ತುವಂತಿಲ್ಲ. ಕೂತವರು ಯಾರೇ ಆಗಿರಲಿ, ಅಧ್ಯಕ್ಷರು ಅವರನ್ನು 'ನೀವು' ಎಂದೇ ಮಾತಾಡಿಸಬೇಕು.

ಇದನ್ನು ಯಾವ ಮಹಾನುಭಾವರೂ ದಯೆತೋರಿ ಕೊಟ್ಟಿದ್ದಲ್ಲ. ಅಜ್ಜನ ಅಜ್ಜಿಯ ಕಾಲದಲ್ಲಿ ಬೀದಿ ಗುಡಿಸುವವರು ಕೂಲಿ ಹೆಚ್ಚಿಸಿ ಎಂದು ಕೇಳಲು ಹೋದಾಗ ಬಾಗಿಲಲ್ಲೇ ನಿಲ್ಲಿಸಿದ್ದರಂತೆ. ಅವರ ಪರವಾಗಿ ಮಾತಾಡಲು ಹೋದ ಮುದುಕಿ ಕಾಲು ಬಾತು ನಿಲ್ಲಲಾಗದೆ ಗೋಡೆ ಬದಿಯ ಒಂದು ಕುರ್ಚಿಯಲ್ಲಿ ಕೂತುಬಿಟ್ಟಳು. ಅವಳೇ ಅಜ್ಜನ ಅಜ್ಜಿ. ಕಾವಲಿನವರು ತೋಳು ಹಿಡಿದು ಎಳೆದರು, ಬಿದ್ದಳು, ಸೊಂಟ ಮುರಿಯಿತು, ಆಮೇಲೆ ಹಾಸಿಗೆ ಬಿಟ್ಟು ಏಳಲೇ ಇಲ್ಲ. ಗುಡಿಸುವವರು ಪೊರಕೆ ಕೆಳಗಿಟ್ಟರು. ಊರು ಗಬ್ಬೆದ್ದು ಹೋಯಿತು. ಮೂಗು ಮುಚ್ಚಿಕೊಂಡು ಓಡಾಡಿ ಸಾಕಾದ ಮೇಲೆ ದೊಡ್ಡ ಮನುಷ್ಯರು ರಾಜಿಗೆ ಬಂದರು. ಇವರು ಕೇಳಿದ್ದು ಕೂಲಿ, ಅವರು ಕೊಟ್ಟಿದ್ದು ಕುರ್ಚಿ. ಕುರ್ಚಿಗೆ ಖರ್ಚು ಕಡಿಮೆ ಎಂದು ಲೆಕ್ಕ ಹಾಕಿದ್ದರೇನೋ.

ಆದರೆ ಆ ಲೆಕ್ಕ ತಪ್ಪಿತು. ಆಗ ಸ್ವಂತ ಮನೆ ಇದ್ದವರಿಗೆ ಮಾತ್ರ ಓಟಿತ್ತು. ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಒಬ್ಬ ಬಾಡಿಗೆದಾರ ಬಂದು ಕೂತ, ಮಳೆಗಾಲದ ಸೋರುವ ಮಾಡಿನಿಂದ ಶುರುಮಾಡಿ ಕತ್ತಲಾಗುವ ತನಕ ಮಾತಾಡಿದ. ಮುಂದಿನ ಸಭೆಗೆ ಮತ್ತೊಬ್ಬ ಬಾಡಿಗೆದಾರ ಬಂದ, ಅದರ ಮುಂದಿನ ಸಭೆಗೆ ಇನ್ನೊಬ್ಬ. ಊರಿನ ಒಂದು ಚರಂಡಿಯ ಕೆಲಸವೂ ಮುಂದೆ ಸಾಗದಂತಾಗಿ ಕೊನೆಗೆ ಬಾಡಿಗೆದಾರರಿಗೂ ಓಟು ಬಂತು. ಆಮೇಲೆ ಒಬ್ಬ ಸೂಲಗಿತ್ತಿ ಹೆಣಿಗೆಯ ಕಡ್ಡಿ, ಉಣ್ಣೆಯ ಉಂಡೆ ಸಮೇತ ಬಂದು ಕೂತಳು. "ನಿಮ್ಮಲ್ಲಿ ಮುಕ್ಕಾಲು ಜನ ನನ್ನ ಕೈಯಲ್ಲೇ ಹುಟ್ಟಿದ್ದು. ಆಗ ಅಳ್ತಿದ್ರಿ, ಈಗ ಭಾಷಣ ಮಾಡ್ತೀರಿ, ಅಷ್ಟೇ ವ್ಯತ್ಯಾಸ. ನಿಮ್ಮನ್ನ ಹೊರಗೆ ತಂದ ಕೈಗೆ ಒಂದು ಚೀಟಿ ಹಾಕೋ ಯೋಗ್ಯತೆ ಇಲ್ವಾ?" ಎಂದು ಕೇಳಿದಳಂತೆ. ಹೆಂಗಸರಿಗೆ ಓಟು ಸಿಗುವಷ್ಟರಲ್ಲಿ ಅವಳು ಒಂದು ಸ್ವೆಟರ್ ಮುಗಿಸಿದ್ದಳು ಎಂದು ಅಜ್ಜ ಹೇಳುತ್ತಿದ್ದ. ಇದರಲ್ಲಿ ಎಷ್ಟು ನಿಜ, ಎಷ್ಟು ಒಗ್ಗರಣೆ ಎಂದು ನನಗೆ ಗೊತ್ತಿಲ್ಲ. ಅಜ್ಜನ ಅಮ್ಮ ಮೊದಲ ಸಲ ಓಟು ಹಾಕಿ ಬಂದದ್ದಂತೂ ನಿಜ. ಅವಳೂ ಬೀದಿ ಗುಡಿಸುವವಳೇ.

ಎಲ್ಲರೂ ಇಂಥ ದೊಡ್ಡ ಮಾತಿಗೇ ಬರುತ್ತಿದ್ದರು ಎಂದೇನೂ ಅಲ್ಲ. ಅಜ್ಜ ಕೆಲಸಕ್ಕೆ ಸೇರಿದ ಮೇಲೆ ಅವನು ಕಂಡಿದ್ದು ಹೆಚ್ಚಾಗಿ ಚರಂಡಿ, ಬೀದಿದೀಪ, ಪಕ್ಕದ ಮನೆಯವರ ನಾಯಿ. ನಾಯಿಯ ಮೇಲೆ ದೂರು ಹೇಳಲು ತಪ್ಪದೆ ಬರುತ್ತಿದ್ದ ಒಬ್ಬ ಕೈಗಡಿಯಾರ ರಿಪೇರಿಯವನಿದ್ದ. ಅವನು ಕೂತನೆಂದರೆ ಸದಸ್ಯರೆಲ್ಲ ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದರು. ಆ ನಾಯಿ ಸತ್ತ ಮೇಲೂ ಬಂದು ಅದರ ಬಗ್ಗೆಯೇ ಮಾತಾಡಿ, ಕೊನೆಗೆ ಅತ್ತು, ಎದ್ದು ಹೋದನಂತೆ. ಒಬ್ಬರೂ ಅವನನ್ನು ತಡೆಯಲಿಲ್ಲ. "ಅದೇ ನೋಡು ದೊಡ್ಡದು. ಕೊರೆತ ಅಂತ ಎಲ್ರಿಗೂ ಗೊತ್ತು, ಆದ್ರೂ ಕೇಳಿದ್ರು" ಎನ್ನುತ್ತಿದ್ದ ಅಜ್ಜ.

ಸಿಬ್ಬಂದಿ ಆ ಕುರ್ಚಿಯಲ್ಲಿ ಕೂರುವ ಹಾಗಿರಲಿಲ್ಲ. ಅಜ್ಜ ಕೆಲಸದಲ್ಲಿದ್ದಷ್ಟು ಕಾಲವೂ ಅದನ್ನು ಒರೆಸಿದ, ಗಿಡ್ಡ ಕಾಲಿನ ಕೆಳಗೆ ರಟ್ಟು ಮಡಚಿಟ್ಟ, ಕೂತವರಿಗೆ ನೀರು ಕೊಟ್ಟ. ಒಮ್ಮೆಯೂ ಕೂರಲಿಲ್ಲ. ಸಭಾಂಗಣ ಖಾಲಿ ಇದ್ದಾಗಲಾದರೂ ಕೂತು ನೋಡಿರಬೇಕಲ್ಲ ಎಂದು ನಾನು ಎಷ್ಟು ಪೀಡಿಸಿದರೂ ತಲೆ ಅಲ್ಲಾಡಿಸುತ್ತಿದ್ದ.

ಕುರ್ಚಿಗೆ ಕುತ್ತು ಬಂದದ್ದು ಒಂದೇ ಸಲಕ್ಕಲ್ಲ. ಹಾಗೆ ಬಂದಿದ್ದರೆ ಊರು ಕೂಗಾಡುತ್ತಿತ್ತು. ಮೊದಲು, ಕೂರುವವರು ಬೆಳಿಗ್ಗೆಯೇ ಬಂದು ಹೆಸರು ಹೇಳಿಹೋಗಬೇಕು ಎಂದರು. ಅದರಲ್ಲೇನು ತಪ್ಪು? ಆಮೇಲೆ ಒಂದು ಸಭೆಗೆ ಒಬ್ಬರೇ ಎಂದರು. ಅದೂ ಸರಿಯೇ, ಸಭೆಗೆ ಬೇರೆ ಕೆಲಸ ಬೇಡವೇ? ಆಮೇಲೆ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಜರುಗಿಸು ಎಂದರು, ಓಡಾಡಲು ಜಾಗ ಬೇಕಲ್ಲ ಎಂದು. ಹಿಂದೆ ಹಿಂದೆ ಜರುಗಿ ಅದು ಬಾಗಿಲ ಬಳಿಗೆ ಬಂತು. ಪ್ರತಿ ಸಲವೂ ಎತ್ತಿ ಹಿಂದಕ್ಕಿಟ್ಟವನು ನಮ್ಮಜ್ಜನೇ. ಅದು ಅವನ ಕೆಲಸ. ಮನೆಗೆ ಬಂದು, "ಇವತ್ತು ಮತ್ತೆ ಒಂದು ಮೊಳ" ಎನ್ನುತ್ತಿದ್ದ.

ಕಡೆಗೆ ಒಬ್ಬ ಶಾಲಾ ಮೇಷ್ಟ್ರು ಬಂದು ಕೂತರು. ನಮ್ಮ ಪಕ್ಕದ ಬೀದಿಯವರು, ಗಣಿತ ಹೇಳಿಕೊಡುತ್ತಿದ್ದರು. ಕಾರ್ಖಾನೆಯ ಮುಷ್ಕರದಲ್ಲಿ ಪೊಲೀಸರು ಎತ್ತಿಕೊಂಡು ಹೋದ ಹುಡುಗರು ಎಲ್ಲಿದ್ದಾರೆ ಎಂದು ಕೇಳಿದರು. ಸಭೆ ಕೇಳಿಸಿಕೊಂಡಿತು. ಅಧ್ಯಕ್ಷರು 'ನೀವು' ಎಂದೇ ಕರೆದು ಧನ್ಯವಾದ ಹೇಳಿದರು. ವಾರ ತುಂಬುವುದರೊಳಗೆ ಮೇಷ್ಟ್ರ ಕೆಲಸ ಹೋಯಿತು. ಅವರು ಮನೆ ಖಾಲಿ ಮಾಡಿ ಎಲ್ಲಿಗೆ ಹೋದರೋ ಯಾರಿಗೂ ತಿಳಿಯಲಿಲ್ಲ. ಅಲ್ಲಿಂದ ಮುಂದೆ ಆ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ, ಬೀದಿದೀಪದ ಮಾತಿಗೂ ಕೂರಲಿಲ್ಲ. ಎಷ್ಟು ಹೊತ್ತು ಬೇಕಾದರೂ ಕೂರಬಹುದು ಎಂಬ ಹಳೆಯ ನಿಯಮ ಹಾಗೇ ಉಳಿಯಿತು. ಕೂರುವವರೇ ಇಲ್ಲದ ಮೇಲೆ ಅದನ್ನು ತೆಗೆದುಹಾಕುವ ತಲೆನೋವು ಯಾರಿಗೆ ಬೇಕು?

ಅಜ್ಜ ನಿವೃತ್ತನಾದ. ಮನೆಯಲ್ಲಿ ಅಜ್ಜಿಯ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಒರೆಸಿ, ಸಾಲಾಗಿ ಜೋಡಿಸಿ, ಅವಳ ಕೈಲಿ ಉಗಿಸಿಕೊಳ್ಳುತ್ತಾ ಕಾಲ ಕಳೆಯುತ್ತಿದ್ದ. ಅಪ್ಪ ಅಮ್ಮ ಇಬ್ಬರೂ ಬೇರೆ ಊರಿನ ಕಾರ್ಖಾನೆಯಲ್ಲಿದ್ದುದರಿಂದ ನಾನು ಬೆಳೆದದ್ದು ಇವರಿಬ್ಬರ ಜಗಳದ ನಡುವೆಯೇ. ನನಗೆ ಓಟಿನ ವಯಸ್ಸಾದ ವರ್ಷವೇ ಆ ಸುದ್ದಿ ಬಂತು. ದೇಶದ ಪರಿಸ್ಥಿತಿ ಸರಿಯಿಲ್ಲವಂತೆ, ಚುನಾವಣೆಯೆಂದರೆ ಗಲಾಟೆಯಂತೆ. ಆದ್ದರಿಂದ ಪ್ರತಿ ಊರಿನ ಸಭೆಯೂ ತಾನಾಗಿಯೇ, ಸ್ವಂತ ಇಚ್ಛೆಯಿಂದ, ತನ್ನ ಅಧಿಕಾರವನ್ನು ಸರ್ಕಾರ ನೇಮಿಸುವ ಅಧಿಕಾರಿಗೆ ಒಪ್ಪಿಸಿ ಮನೆಗೆ ಹೋಗಬೇಕು. ಪರಿಸ್ಥಿತಿ ಸುಧಾರಿಸಿದ ಮೇಲೆ ಚುನಾವಣೆ. ಸ್ವಂತ ಇಚ್ಛೆಗೆ ಕೊನೆಯ ದಿನವನ್ನೂ ಸರ್ಕಾರವೇ ಗೊತ್ತುಮಾಡಿತ್ತು. ಆ ದಿನ ಸಂಜೆ ಕಚೇರಿ ಮುಚ್ಚುವುದರೊಳಗೆ ಒಪ್ಪಿಗೆ ಸಿಗದಿದ್ದರೆ ಕಾನೂನಿನ ಪ್ರಕಾರ ಮಾರನೆಯ ಬೆಳಿಗ್ಗೆ ಚುನಾವಣೆ ಘೋಷಿಸಲೇಬೇಕು.

ನಮ್ಮೂರಿನ ಸಭೆ ಕೂಡುವುದು ಅದೇ ಕೊನೆಯ ದಿನ. ಒಪ್ಪುವವರೇ ಹೆಚ್ಚಿದ್ದರು, ಒಪ್ಪದವರು ಬೆರಳೆಣಿಕೆಯಷ್ಟು. ಅಜ್ಜ ಆ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿ, ಪೇಪರಿನಲ್ಲಿ ಓದಿಸಿ, ಹಿಂದಿನ ದಿನ ಊಟದ ಹೊತ್ತಿಗೆ ಹೇಳಿದ.

"ನಾಳೆ ನಾನು ಹೋಗಿ ಕೂರ್ತೀನಿ."

"ಎಲ್ಲಿ?" ಎಂದಳು ಅಜ್ಜಿ.

"ಕುರ್ಚಿಯಲ್ಲಿ. ಈಗ ನಾನು ಸಿಬ್ಬಂದಿ ಅಲ್ವಲ್ಲ, ಊರಿನವನು. ಸಂಜೆ ತನಕ ಕೂತ್ರೆ ಆಯ್ತು."

"ತಲೆ ನೆಟ್ಟಗಿದ್ಯೇನ್ರೀ ನಿಮಗೆ? ಆ ಮೇಷ್ಟ್ರಿಗೆ ಏನಾಯ್ತು ಅಂತ ಮರೆತುಹೋಯ್ತಾ?"

"ಮೇಷ್ಟ್ರಿಗೆ ಕೆಲಸ ಇತ್ತು, ಕಿತ್ಕೊಂಡ್ರು. ನನ್ನ ಹತ್ರ ಕಿತ್ಕೊಳ್ಳೋಕೆ ಏನಿದೆ? ನಿನ್ನ ಡಬ್ಬಿಗಳಾ?"

ಅಜ್ಜಿ ನಗಲಿಲ್ಲ. "ನೀವು ಮಾತಾಡಿದ್ದನ್ನ ನಾನು ಮದುವೆ ಆದಾಗಿಂದ ಕಂಡಿಲ್ಲ. ಸಂಜೆ ತನಕ ಏನ್ರೀ ಮಾತಾಡ್ತೀರಿ?"

"ಮಾತಾಡ್ಲೇಬೇಕು ಅಂತ ಇಲ್ಲ. ಕೂತಿದ್ರೆ ಸಾಕು. ನನಗೆ ಗೊತ್ತಿಲ್ಲದ ನಿಯಮಾನಾ?" ಎಂದ ಅಜ್ಜ. ನನ್ನ ಕಡೆ ಕೈ ತೋರಿಸಿ ಅಜ್ಜಿಗೆ, "ಇವಳಿಗೆ ಈ ಸಲ ಓಟಿದೆ ಕಣೇ. ನಮ್ಮಮ್ಮ ಹಾಕಿದ್ಳು, ನೀನು ಹಾಕಿದೆ, ಇವಳಿಗೆ ಇಲ್ಲ ಅಂದ್ರೆ ಹೇಗೆ?" ಎಂದ. ಅಜ್ಜಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಬೆಳಿಗ್ಗೆ ಎದ್ದು ನೋಡಿದರೆ ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ಇಟ್ಟಿದ್ದಳು.

ಹೆಸರು ಬರೆದುಕೊಳ್ಳುವ ಗುಮಾಸ್ತ ಅಜ್ಜನನ್ನು ಕಂಡು ಹಳೆಯ ಪರಿಚಯದ ಮೇಲೆ ನಕ್ಕ, ಅವನ ಮಾತು ಕೇಳಿ ನಗು ನಿಲ್ಲಿಸಿದ. ಒಳಗೆ ಹೋದ, ಹೊರಗೆ ಬಂದ, ಮತ್ತೆ ಒಳಗೆ ಹೋದ. ಯಾವ ನಿಯಮದಲ್ಲೂ ಬೇಡ ಎನ್ನಲು ದಾರಿಯಿರಲಿಲ್ಲ. ಅಧ್ಯಕ್ಷರು ಹಿಂದೆ ವಕೀಲರಾಗಿದ್ದವರು, ಎಲ್ಲವೂ ಕ್ರಮಬದ್ಧವಾಗಿರಬೇಕು. ಊರನ್ನೇ ಒಪ್ಪಿಸಿಕೊಟ್ಟರೂ ಯಾರೂ ಬೆರಳು ತೋರಿಸಬಾರದು. ಒಪ್ಪದ ಸದಸ್ಯರು ಒಂದು ತಪ್ಪು ಸಿಕ್ಕರೆ ಕೋರ್ಟಿಗೆ ಹೋಗಲು ತುದಿಗಾಲಲ್ಲಿ ನಿಂತಿದ್ದಾರೆ ಎಂಬುದೂ ಅವರಿಗೆ ಗೊತ್ತಿತ್ತು.

ಅಜ್ಜ ಸಭಾಂಗಣಕ್ಕೆ ಹೋದವನೇ ಬಾಗಿಲ ಬಳಿಯಿದ್ದ ಕುರ್ಚಿಯನ್ನು ಎತ್ತಿ ಲಾಳದ ನಡುವೆ ತಂದಿಟ್ಟ. ಜೇಬಿನಿಂದ ಕರ್ಚೀಫು ತೆಗೆದು ಒರೆಸಿದ. ಆಮೇಲೆ ಕೂತ. ನಾನು ಗೋಡೆ ಬದಿಯ ಬೆಂಚಿನಲ್ಲಿ ಕೂತು ನೋಡುತ್ತಿದ್ದೆ. ಅಂಚಿನಲ್ಲಿ ಕೂತವನು ನಿಧಾನಕ್ಕೆ ಹಿಂದೆ ಸರಿದು ಬೆನ್ನು ಒರಗಿಸಿದ.

"ಹೇಳಿ ಯಜಮಾನರೇ, ನೀವು ಏನು ಹೇಳ್ಬೇಕು ಅಂತ ಬಂದಿದೀರಿ?" ಎಂದರು ಅಧ್ಯಕ್ಷರು. ಹಿಂದೆಲ್ಲ ಅವರೇ 'ಏ, ಬಾರೋ ಇಲ್ಲಿ' ಎನ್ನುತ್ತಿದ್ದವರು.

"ಈ ನಿರ್ಣಯ ಬೇಡ ಸಾರ್," ಎಂದ ಅಜ್ಜ.

"ಆಯ್ತು. ಇನ್ನೇನಾದ್ರೂ?"

"ಇಲ್ಲ ಸಾರ್. ಕೂತಿರ್ತೀನಿ."

ಸದಸ್ಯರಲ್ಲಿ ಒಬ್ಬರು ಕಿಸಕ್ಕೆಂದು ನಕ್ಕರು. ಗಡಿಯಾರ ನೋಡಿಕೊಂಡ ಮೇಲೆ ಅವರ ನಗು ನಿಂತಿತು. ಅಂಗಡಿ ಇಟ್ಟವರಿದ್ದರು, ಮನೆಯಲ್ಲಿ ನೆಂಟರಿದ್ದವರಿದ್ದರು, ಸಕ್ಕರೆ ಕಾಯಿಲೆಯವರಿದ್ದರು. ಯಾರೂ ಎದ್ದು ಹೋಗುವಂತಿಲ್ಲ, ಹೋದರೆ ಕೈ ಎತ್ತಲು ಜನ ಸಾಲದು. ಮೊದಲು ಪುಸಲಾಯಿಸಿದರು. "ನಿಮ್ಮ ಮಾತು ಕೇಳಿದ್ವಲ್ಲ ಯಜಮಾನರೇ, ಇನ್ನು ಹೋಗಿ ರೆಸ್ಟ್ ತಗೊಳ್ಳಿ." ಆಮೇಲೆ ಹೆದರಿಸಿದರು. "ಪಿಂಚಣಿ ಬರ್ತಿದೆ ಅಲ್ವಾ ನಿಮಗೆ?" ಅಜ್ಜ ಜಪ್ಪಯ್ಯ ಎನ್ನಲಿಲ್ಲ. ಒಪ್ಪದ ಸದಸ್ಯರ ಪೈಕಿ ಒಬ್ಬಾಕೆ, ಔಷಧಿ ಅಂಗಡಿಯವರು, ಕಣ್ಣಲ್ಲೇ ಅವನಿಗೆ ಧೈರ್ಯ ಹೇಳುತ್ತಿದ್ದರು.

ಸುದ್ದಿ ಹೊರಗೆ ಹಬ್ಬಿತು. ಮಧ್ಯಾಹ್ನದ ಹೊತ್ತಿಗೆ ಬಾಗಿಲಲ್ಲಿ, ಕಿಟಕಿಗಳಲ್ಲಿ ಜನ. ನಮ್ಮ ಬೀದಿಯ ಬೇಕರಿಯವನು ಒಂದು ಬನ್ನು ಕೊಟ್ಟುಹೋದ, ಅಜ್ಜ ಅದನ್ನು ಚೂರು ಚೂರೇ ಮುರಿದು ತಿಂದ. ನೀರು ಮಾತ್ರ ಬೇಡ ಎಂದ. ಕುಡಿದರೆ ಬಚ್ಚಲಿಗೆ ಏಳಬೇಕಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಸೆಕೆ ಏರಿತು. ಫ್ಯಾನು ಸದ್ದು ಮಾಡುತ್ತಿತ್ತೇ ಹೊರತು ಗಾಳಿ ಬರುತ್ತಿರಲಿಲ್ಲ. ಸದಸ್ಯರು ಒಬ್ಬೊಬ್ಬರಾಗಿ ತೂಕಡಿಸತೊಡಗಿದರು.

ಆಗ ಅಜ್ಜ ಮಾತಾಡಿದ. ಯಾರೂ ಕೇಳಿರಲಿಲ್ಲ, ತಾನಾಗಿಯೇ ಶುರುಮಾಡಿದ. ತನ್ನ ಅಜ್ಜಿಯ ಬಾತ ಕಾಲಿನ ಮಾತು, ಸೂಲಗಿತ್ತಿಯ ಮಾತು, ನಾಯಿಯ ಮೇಲೆ ದೂರು ಹೇಳುತ್ತಿದ್ದವನ ಮಾತು. "ಅವನ ಮಾತಿಗೆ ನೀವೆಲ್ಲ ಬೈಕೋತಿದ್ರಿ ಸಾರ್. ಆದ್ರೆ ಕೇಳ್ತಿದ್ರಿ. ನಾಳೆಯಿಂದ ಯಾರ ಹತ್ರ ಹೇಳ್ಬೇಕು ಅವನು? ಆ ಅಧಿಕಾರಿ ಊರಿಗೇ ಹೊಸಬರು. ಯಾರ ನಾಯಿ ಯಾವುದು ಅಂತ ಅವರಿಗೇನು ಗೊತ್ತು?" ಕಿಟಕಿಯಲ್ಲಿ ಕೆಲವರು ನಕ್ಕರು. ಅಜ್ಜನೂ ನಕ್ಕ. ಆ ಗಳಿಗೆಯಲ್ಲಿ ಅವನು ಗೆದ್ದೇ ಬಿಡುತ್ತಾನೆ ಎಂದು ನಾನು ಪೂರ್ತಿ ನಂಬಿದ್ದೆ. ನನ್ನ ಹೆಸರಿನ ಚೀಟಿ, ಪರದೆಯ ಹಿಂದಿನ ಪೆಟ್ಟಿಗೆ, ಬೆರಳಿನ ಮಸಿ ಎಲ್ಲ ಕಣ್ಣಿಗೆ ಕಟ್ಟಿದ್ದವು.

ಬಿಸಿಲು ಇಳಿದಿತ್ತು. ಕಚೇರಿಯ ಬೇರೆ ಕೋಣೆಗಳಲ್ಲಿ ಕಪಾಟು ಮುಚ್ಚುವ ಸದ್ದು ಕೇಳಿಸತೊಡಗಿತ್ತು. ಇನ್ನೇನು ಮುಗಿಯಿತು ಎನ್ನುವಾಗ ಅಧ್ಯಕ್ಷರಿಗೆ ಬಾಯಾರಿಕೆಯಾಯಿತು. ಅವರ ಮುಂದಿನ ಲೋಟ ಖಾಲಿಯಾಗಿತ್ತು. ಮೇಜಿನ ಕೆಳಗೊಂದು ಗುಂಡಿಯಿತ್ತು, ಒತ್ತಿದರೆ ಹೊರಗಿನ ಪಡಸಾಲೆಯಲ್ಲಿ ಜವಾನನ ಸ್ಟೂಲಿನ ಮೇಲಿನ ಗಂಟೆ ಹೊಡೆಯುತ್ತಿತ್ತು. ಒತ್ತಿದರು.

ಗಂಟೆ ಹೊಡೆಯಿತು. "ಬಂದೆ ಸಾರ್," ಎಂದು ಅಜ್ಜ ಎದ್ದು ನಿಂತ.

ಎದ್ದು ನಿಂತದ್ದಷ್ಟೇ ಅಲ್ಲ. ಮೂಲೆಯ ಮೇಜಿಗೆ ಹೋಗಿ, ಹೂಜಿ ಎತ್ತಿ, ಮೆಟ್ಟಿಲು ಹತ್ತಿ, ಅಧ್ಯಕ್ಷರ ಲೋಟಕ್ಕೆ ನೀರು ಬಗ್ಗಿಸಿದ. ಒಂದು ಹನಿಯೂ ಚೆಲ್ಲಲಿಲ್ಲ. ಬೆಳಗಿನಿಂದ ಕೂತು ಮರಗಟ್ಟಿದ ಕಾಲುಗಳು ಅಷ್ಟು ಬೇಗ ಹೇಗೆ ನಡೆದವೋ. ಅಧ್ಯಕ್ಷರಿಗೂ ಮೊದಲು ಹೊಳೆಯಲಿಲ್ಲ, ಲೋಟ ತುಟಿಗಿಟ್ಟು ಅರ್ಧ ಕುಡಿದ ಮೇಲೆಯೇ ಕಣ್ಣೆತ್ತಿ ನೋಡಿದ್ದು. ಪಕ್ಕದಲ್ಲಿ ಕೂತು ಸಭೆಯ ನಡಾವಳಿ ಬರೆಯುತ್ತಿದ್ದ ಕಾರ್ಯದರ್ಶಿಗೆ ಹೊಳೆಯಿತು. ಅವನು ಕನ್ನಡಕ ಸರಿಮಾಡಿಕೊಂಡು, "ಕುರ್ಚಿ ಖಾಲಿಯಾಗಿದೆ," ಎಂದ.

ನಾನು ಓಡಿಹೋಗಿ ಕೂತೆ. ಹೌದು, ಅದೇ ಕುರ್ಚಿಯಲ್ಲಿ. "ನಾನು ಕೂತಿದೀನಿ! ನಾನು ಏಳಲ್ಲ!" ಎಂದು ಕಿರುಚಿದೆ. ಔಷಧಿ ಅಂಗಡಿಯವರೂ ಎದ್ದು ಕೂಗಾಡಿದರು. "ಒಂದು ಸಭೆಗೆ ಒಬ್ಬರೇ ಕಣಮ್ಮ. ನಿಯಮ," ಎಂದ ಕಾರ್ಯದರ್ಶಿ, ಸಿಟ್ಟೂ ಇಲ್ಲದ ದನಿಯಲ್ಲಿ. ನನ್ನನ್ನು ಯಾರೂ ಎಳೆಯಲಿಲ್ಲ, ಬೈಯಲೂ ಇಲ್ಲ. ನಾನು ಕೂತೇ ಇದ್ದೆ, ನನ್ನ ಸುತ್ತ ಕೈಗಳು ಎದ್ದವು. ಕೈ ಎತ್ತಿದವರಲ್ಲಿ ಒಬ್ಬರೂ ನನ್ನನ್ನು ನೋಡಲಿಲ್ಲ. ನೋಟವೆಲ್ಲ ಗೋಡೆಯ ಗಡಿಯಾರದ ಮೇಲೆ. ಅಜ್ಜ ಹೂಜಿ ಹಿಡಿದುಕೊಂಡು ಅಧ್ಯಕ್ಷರ ಪಕ್ಕದಲ್ಲೇ ನಿಂತಿದ್ದ. ಅವನಿಗೆ ಅರ್ಥವಾದದ್ದು ಆಗ.

ಆ ಗಂಟೆ ಅಧ್ಯಕ್ಷರ ಕುತಂತ್ರವಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಅವರನ್ನು ಬೈದುಕೊಂಡಾದರೂ ಬದುಕಬಹುದಿತ್ತು. ಅವರಿಗೆ ನಿಜವಾಗಿಯೂ ಬಾಯಾರಿತ್ತು. ಹೊಸ ಜವಾನ ಟೀ ಕುಡಿಯಲು ಹೋಗಿದ್ದ. ಅಷ್ಟೇ.

ನಾವು ಹಿಂದಿನ ಬಾಗಿಲಿನಿಂದ ಮನೆಗೆ ಬಂದೆವು. ಆಗಲೇ ಊರಿಗೆ ಊರೇ ಮಾತಾಡಿಕೊಳ್ಳುತ್ತಿತ್ತು. ಮುದುಕನಿಗೆ ಮೊದಲೇ ಕೈ ಬೆಚ್ಚಗೆ ಮಾಡಿದ್ದರಂತೆ, ಇಲ್ಲದಿದ್ದರೆ ಅಷ್ಟು ಸರಿಯಾದ ಸಮಯಕ್ಕೆ ಏಳುತ್ತಾನೆಯೇ ಎಂದು ಕೆಲವರು. ಮಧ್ಯಾಹ್ನ ಬನ್ನು ಕೊಟ್ಟ ಬೇಕರಿಯವನು ಸಂಜೆ ಮುಖ ತಿರುಗಿಸಿದ. ಜವಾನ ಕೊನೆಗೂ ಜವಾನನೇ ಎಂದು ಇನ್ನು ಕೆಲವರು. ಇದನ್ನು ಹೇಳಿದವರೆಲ್ಲ ಮಧ್ಯಾಹ್ನದಿಂದ ಕಿಟಕಿಯಲ್ಲಿ ನಿಂತು ನೋಡಿದವರೇ. ಒಳಗೆ ಬಂದು ಅವನ ಪಕ್ಕ ನಿಲ್ಲಲು ಯಾವ ನಿಯಮ ಅಡ್ಡಬಂದಿತ್ತೋ ಗೊತ್ತಿಲ್ಲ. ಈಗಲೂ ಅವರ ಮುಖ ನೆನೆದರೆ ನನಗೆ ಮೈ ಉರಿಯುತ್ತದೆ. ಅಜ್ಜಿ ಮಾತ್ರ ಅವನ ಅಂಗಿ ಬಿಚ್ಚಿಸಿ, ಒಗೆದು, ಒಣಹಾಕಿದಳು.

ಅಧಿಕಾರಿ ಬಂದರು. ಕೆಟ್ಟವರೇನಲ್ಲ, ರಸ್ತೆಗಳನ್ನು ಗುಡಿಸಿಸಿ ಚೊಕ್ಕಟವಾಗಿಟ್ಟರು. ಅವರಾದ ಮೇಲೆ ಇನ್ನೊಬ್ಬರು ಬಂದರು, ಅವರಾದ ಮೇಲೆ ಮತ್ತೊಬ್ಬರು. ಸಭಾಂಗಣದಲ್ಲಿ ಸಭೆಯೇ ಇಲ್ಲದ ಮೇಲೆ ಅದನ್ನು ಹಳೆಯ ಕಡತ ತುಂಬುವ ಉಗ್ರಾಣ ಮಾಡಿದರು. ಪರಿಸ್ಥಿತಿ ಇನ್ನೂ ಸುಧಾರಿಸಿಲ್ಲವಂತೆ. ನನಗೀಗ ಮಗಳಿದ್ದಾಳೆ, ಅವಳಿಗೂ ಓಟಿನ ವಯಸ್ಸಾಯಿತು. ಅವಳು ಅದರ ಬಗ್ಗೆ ಕೇಳುವುದೂ ಇಲ್ಲ. ಇಲ್ಲದ್ದನ್ನು ಏಕೆ ಕೇಳಬೇಕು ಎನ್ನುವ ಹಾಗೆ ಬೆಳೆದಿದ್ದಾಳೆ. ನನಗೆ ಹೆದರಿಕೆಯಾಗುವುದು ಅದಕ್ಕೇ.

ಅಜ್ಜ ಆ ದಿನದ ಬಗ್ಗೆ ಬಹಳ ಕಾಲ ಬಾಯಿ ಬಿಡಲಿಲ್ಲ. ಕಾಯಿಲೆ ಬಿದ್ದು ಆಸ್ಪತ್ರೆ ಸೇರಿ, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಕೈಚೆಲ್ಲಿದ ಮೇಲೆ, ಒಂದು ಮಧ್ಯಾಹ್ನ ನಾನು ಗಂಜಿ ಕುಡಿಸುತ್ತಿದ್ದಾಗ ತಾನಾಗಿಯೇ ತೆಗೆದ.

"ನಿನ್ನ ಓಟು ನಾನೇ ತಿಂದುಹಾಕಿದೆ ಪುಟ್ಟಿ."

"ಸುಮ್ನಿರಜ್ಜ. ಕಾಲು ತಾನಾಗಿ ಎದ್ದಿದ್ದು. ನೀನೇನ್ ಮಾಡ್ತೀಯ?"

ಅವನು ತಲೆ ಅಲ್ಲಾಡಿಸಿದ. ಚಮಚವನ್ನು ಕೈಯಿಂದ ಸರಿಸಿದ.

"ಕಾಲು ಎದ್ದಿದ್ದು ಹೋಗ್ಲಿ ಬಿಡು. ನೀರು ಹಾಕಿದ್ನಲ್ಲ, ಆಗ ಅಧ್ಯಕ್ಷರು ಮೆತ್ತಗೆ ಥ್ಯಾಂಕ್ಸ್ ಅಂದ್ರು. ಯಾರಿಗೂ ಕೇಳಿಸ್ಲಿಲ್ಲ. ಅಷ್ಟು ವರ್ಷ ನೀರು ಕೊಟ್ಟಿದೀನಿ, ಒಂದ್ಸಲಾನೂ ಅಂದಿರಲಿಲ್ಲ ಅವರು." ಉಸಿರು ಸಾಲದೆ ನಿಲ್ಲಿಸಿದ. ಆಮೇಲೆ ನನ್ನ ಮುಖ ನೋಡದೆ ಹೇಳಿದ: "ನನಗೆ ಖುಷಿ ಆಯ್ತು ಪುಟ್ಟಿ. ಸಭೆಯವರು ಕೈ ಎತ್ತೋ ತನಕ ನಾನು ಖುಷಿಯಾಗೇ ಇದ್ದೆ."

ನಾನು ಗಂಜಿಯ ಬಟ್ಟಲು ಕೆಳಗಿಟ್ಟು, ಅವನ ಬಾಯಿ ಒರೆಸಿದೆ.